ಹೊಟ್ಟೆ ಗಟ್ಟಿಯಾಗಿ ಬಿಡ್ತಿದೆ: ಸುಳ್ಳು ನೋವಾ, ಹೆರಿಗೆ ನೋವೇ ಶುರುವಾಯ್ತಾ?

ತುಂಗೆ ತೀರದವಳು
ಮಂಗಳವಾರ, ಬೆಳಿಗ್ಗೆ 6:40

ಎಲ್ಲರಿಗೂ ನಮಸ್ಕಾರ. ಚೊಚ್ಚಲ ಹೆರಿಗೆ, ಇವತ್ತಿಗೆ 37 ವಾರ 4 ದಿನ. ಸೀಮಂತ ಮುಗಿಸಿ ಬೆಂಗಳೂರಿಂದ ತವರಿಗೆ ಬಂದು ಒಂದು ತಿಂಗಳಾಯ್ತು. ನಮ್ಮನೆ ತೀರ್ಥಹಳ್ಳಿ ಪೇಟೆಯಿಂದ 14 ಕಿಲೋಮೀಟರ್ ಒಳಗೆ. ತೋರಿಸ್ತಿರೋ ಆಸ್ಪತ್ರೆ ಶಿವಮೊಗ್ಗದಲ್ಲಿ. ಮಳೆ ಇಲ್ಲದ ದಿನವೇ ಎರಡು ಗಂಟೆ ದಾರಿ. ಈಗ ಜುಲೈ, ಇಲ್ಲಿನ ಮಳೆ ಗೊತ್ತಲ್ಲ.

ನಿನ್ನೆ ರಾತ್ರಿ ಊಟ ಮುಗಿಸಿ ಪಾತ್ರೆ ಎತ್ತಿಡ್ತಾ ಇದ್ದೆ. ಇದ್ದಕ್ಕಿದ್ದ ಹಾಗೆ ಹೊಟ್ಟೆ ಬಿಗಿದುಕೊಂಡಿತು. ಕೈ ಇಟ್ಟರೆ ಸುಲಿದ ತೆಂಗಿನಕಾಯಿ ಮುಟ್ಟಿದ ಹಾಗೆ. ಅರ್ಧ ನಿಮಿಷ ಇದ್ದು ಸಡಿಲವಾಯ್ತು. ಮಲಗಿದ ಮೇಲೂ ಮತ್ತೆ ಮತ್ತೆ ಬಂತು. ಅಪ್ಪ ಎದ್ದು ಕೂತು, ಹಾಲಿನ ಲೆಕ್ಕದ ಕ್ಯಾಲೆಂಡರ್ ಹಿಂದೆ ಬರೆದಿಟ್ಟಿದ್ದಾರೆ: 11:10, 11:22, 11:50, 11:58, 12:35, 12:47, 1:30. ಒಂದು ಇಪ್ಪತ್ತು ಸೆಕೆಂಡಿಗೆ ಬಿಡ್ತು, ಇನ್ನೊಂದು ಮುಕ್ಕಾಲು ನಿಮಿಷ ಇತ್ತು. ನೋವು ಅಂತ ಹೇಳೋ ಹಾಗಿಲ್ಲ, ಮುಟ್ಟಿನ ದಿನದ ಹಾಗೆ ಕಿಬ್ಬೊಟ್ಟೆ ಹಿಡಿದುಕೊಳ್ಳುತ್ತೆ. ಅಮ್ಮ ಜೀರಿಗೆ ಕಷಾಯ ಮಾಡಿಕೊಟ್ಟರು. ಕುಡಿದು ಎಡ ಮಗ್ಗುಲಿಗೆ ಮಲಗಿದೆ, ನಿದ್ದೆ ಬಂದೇಬಿಡ್ತು. ಬೆಳಿಗ್ಗೆ ಎದ್ದರೆ ಏನೂ ಇಲ್ಲ. ಮಗು ಎಂದಿನ ಹಾಗೆ ಒದೀತಿದೆ.

ಇದು ಹೆರಿಗೆ ನೋವಿನ ಶುರುವಾ? ನಿಜವಾದ ನೋವು ಬಂದರೆ ಗೊತ್ತಾಗುತ್ತೆ ಅಂತ ಎಲ್ಲರೂ ಹೇಳ್ತಾರೆ. ಹೇಗೆ ಗೊತ್ತಾಗುತ್ತೆ ಅಂತ ಯಾರೂ ಹೇಳಲ್ಲ. ನಾನು ಮನೆಯಿಂದ ಹೊರಡಬೇಕಾದ ಹೊತ್ತು ಯಾವುದು?

ಹಾಸನದ ಅಮ್ಮ
ಮಂಗಳವಾರ, ಬೆಳಿಗ್ಗೆ 7:15

ಹೆದರಬೇಡಮ್ಮ. ಇದು ಸುಳ್ಳು ನೋವಿನ ಹಾಗೇ ಇದೆ. ನನಗೆ ಮೊದಲನೆಯದಕ್ಕೆ 36ನೇ ವಾರದಿಂದ ದಿನಾ ಸಂಜೆ ಹೀಗೇ ಬರ್ತಿತ್ತು. ಎರಡನೆಯದಕ್ಕಂತೂ ಆರನೇ ತಿಂಗಳಿಂದಲೇ ಹೊಟ್ಟೆ ಬಿಗಿಯೋದು ಗೊತ್ತಾಗ್ತಿತ್ತು. ನೀರು ಕಡಿಮೆ ಕುಡಿದ ದಿನ, ಮೂತ್ರ ತಡೆದುಕೊಂಡ ದಿನ, ಜಾಸ್ತಿ ಓಡಾಡಿದ ದಿನ ಹೆಚ್ಚು. ಎರಡು ಲೋಟ ನೀರು ಕುಡಿದು, ಬಾತ್‌ರೂಮಿಗೆ ಹೋಗಿ ಬಂದು ಮಲಗಿದರೆ ನಿಂತುಹೋಗ್ತಿತ್ತು. ಇವತ್ತು ಹಗಲು ನಿದ್ದೆ ಮಾಡು. ನಿಜವಾದದ್ದು ಬಂದಾಗ ಮೈಯಲ್ಲಿ ಶಕ್ತಿ ಬೇಕು.

ಹೆರಿಗೆ ವಾರ್ಡಿನ ಸಿಸ್ಟರ್
ಮಂಗಳವಾರ, ಬೆಳಿಗ್ಗೆ 9:30

ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ 14 ವರ್ಷದಿಂದ ಸ್ಟಾಫ್ ನರ್ಸ್ ಆಗಿದ್ದೇನೆ. ರಾತ್ರಿ ಪಾಳಿ ಮುಗಿಸಿ ಈಗ ಬಂದೆ, ಮಲಗುವ ಮುಂಚೆ ಇದನ್ನು ಬರೆಯಲೇಬೇಕು ಅನ್ನಿಸಿತು.

ಮೊದಲು ನಿಮ್ಮ ತಂದೆಗೆ ನನ್ನ ನಮಸ್ಕಾರ ಹೇಳಿ. "ರಾತ್ರಿಯಿಡೀ ನೋವು ಸಿಸ್ಟರ್" ಅಂತ ಬರುವವರಲ್ಲಿ ಹತ್ತಕ್ಕೆ ಒಂಬತ್ತು ಜನ ಹೊತ್ತು ಬರೆದಿಟ್ಟಿರುವುದಿಲ್ಲ. ಆ ಕ್ಯಾಲೆಂಡರ್ ಹಿಂಬದಿ ನೋಡಿ. 12 ನಿಮಿಷ, 28 ನಿಮಿಷ, 8 ನಿಮಿಷ, 37 ನಿಮಿಷ, 12, ಆಮೇಲೆ 43. ಅದಕ್ಕೊಂದು ತಾಳವೇ ಇಲ್ಲ. ಹೆರಿಗೆ ನೋವಾಗಿದ್ದರೆ ಈ ಅಂತರ ಒಂದು ಅಂದಾಜಿಗೆ ಬಂದು, ಹೋಗ್ತಾ ಹೋಗ್ತಾ ಕಿರಿದಾಗಬೇಕು. ಒಂದೊಂದು ನೋವಿನ ಉದ್ದ ಹೆಚ್ಚಬೇಕು, ಬಿಗಿ ಹೆಚ್ಚಬೇಕು. ಮೂರೂ ಒಟ್ಟಿಗೆ ಆಗುತ್ತವೆ. ಒಂದು ನೋವನ್ನು ಮಾತ್ರ ನೋಡಿ ಸುಳ್ಳೋ ನಿಜವೋ ಅಂತ ಹೇಳಲು ನನಗೂ ಆಗುವುದಿಲ್ಲ, ಡಾಕ್ಟರಿಗೂ ಆಗುವುದಿಲ್ಲ. ಒಂದೆರಡು ಗಂಟೆಯ ಸಾಲು ನೋಡಬೇಕು.

ಅಂತರ ಅಂದರೆ ಒಂದು ನೋವು ಶುರುವಾದಲ್ಲಿಂದ ಮುಂದಿನದು ಶುರುವಾಗುವವರೆಗೆ. ತುಂಬಾ ಜನ ನೋವು ಬಿಟ್ಟ ಹೊತ್ತಿನಿಂದ ಎಣಿಸ್ತಾರೆ, ಲೆಕ್ಕ ತಪ್ಪುತ್ತದೆ.

ಬಿಗಿ ನೋಡಲು ನಮಗೆ ಟ್ರೇನಿಂಗಿನಲ್ಲಿ ಹೇಳಿಕೊಟ್ಟ ಒಂದು ಉಪಾಯ ಇದೆ, ಅಮ್ಮನಿಗೆ ಕಲಿಸಿ. ನೋವು ಬಂದಾಗ ಹೊಟ್ಟೆಯ ಮೇಲ್ಭಾಗಕ್ಕೆ ಬೆರಳ ತುದಿ ಒತ್ತಿ ನೋಡಲಿ. ಮೂಗಿನ ತುದಿ ಒತ್ತಿದ ಹಾಗೆ ಮೆತ್ತಗಿದ್ದರೆ ಸಣ್ಣ ನೋವು. ಗದ್ದ ಒತ್ತಿದ ಹಾಗಿದ್ದರೆ ಮಧ್ಯಮ. ಹಣೆ ಒತ್ತಿದ ಹಾಗೆ ಬೆರಳು ಇಳಿಯದೇ ಇದ್ದರೆ ಜೋರು ನೋವು. ಒಳ್ಳೆಯ ಹೆರಿಗೆ ನೋವಿನಲ್ಲಿ ಹಣೆಯ ಗಟ್ಟಿ ಸಿಗುತ್ತದೆ, ನೋವು ಬಿಟ್ಟ ಮೇಲೆ ಹೊಟ್ಟೆ ಪೂರ್ತಿ ಮೆತ್ತಗಾಗುತ್ತದೆ. ಹಾಗೆ ಮೆತ್ತಗಾಗದೆ ಹಲಗೆಯ ಹಾಗೆ ಗಟ್ಟಿಯಾಗಿಯೇ ಉಳಿದು ನೋವು ಬಿಡದೇ ಇದ್ದರೆ ಅದು ಬೇರೆ ವಿಷಯ, ಒಂದು ಕ್ಷಣವೂ ಕಾಯಬೇಡಿ. ಮಾಸು, ಅಂದರೆ ಪ್ಲಾಸೆಂಟಾ, ಗರ್ಭಕೋಶದಿಂದ ಬಿಟ್ಟುಕೊಂಡಾಗ ಹಾಗಾಗುತ್ತದೆ. ಕೆಲವೊಮ್ಮೆ ಹೊರಗೆ ರಕ್ತವೂ ಕಾಣುವುದಿಲ್ಲ.

ಈ ಸುಳ್ಳು ನೋವಿಗೆ ಬ್ರಾಕ್ಸ್‌ಟನ್ ಹಿಕ್ಸ್ ಅನ್ನುತ್ತಾರೆ. 1872ರಲ್ಲಿ ಇದರ ಬಗ್ಗೆ ಬರೆದ ಇಂಗ್ಲೆಂಡಿನ ವೈದ್ಯರ ಹೆಸರು ಅದು. ಸುಳ್ಳು ಅನ್ನುವ ಮಾತು ನನಗಿಷ್ಟವಿಲ್ಲ. ಆ ಹುಡುಗಿಗೆ ಆಗುವ ಸಂಕಟ ಸುಳ್ಳಲ್ಲ, ಗರ್ಭಕೋಶ ನಿಜವಾಗಿಯೂ ಬಿಗಿಯುತ್ತದೆ. ಗರ್ಭಕೋಶದ ಬಾಯಿ ತೆರೆಯುವುದಿಲ್ಲ ಅನ್ನುವುದಷ್ಟೇ ವ್ಯತ್ಯಾಸ. ನಮ್ಮಜ್ಜಿ ಇದಕ್ಕೆ ಹದ ನೋವು ಅನ್ನುತ್ತಿದ್ದರು, ಆ ಮಾತೇ ಸರಿ.

ಜೀರಿಗೆ ಕಷಾಯದ ವಿಷಯ. ನಿಮ್ಮಮ್ಮ ಮಾಡಿದ್ದರಲ್ಲಿ ತಪ್ಪಿಲ್ಲ. ಬೆಚ್ಚಗಿನದು ಕುಡಿದು ಮಲಗಿದರೆ ಹದ ನೋವು ಸಾಮಾನ್ಯವಾಗಿ ಇಳಿಯುತ್ತದೆ, ಹೆರಿಗೆ ನೋವು ಇಳಿಯುವುದಿಲ್ಲ. ಕೂತಿದ್ದರೆ ಎದ್ದು ಓಡಾಡಿ, ಓಡಾಡುತ್ತಿದ್ದರೆ ಮಲಗಿ, ಉಗುರುಬೆಚ್ಚಗಿನ ನೀರು ಹೊಯ್ದುಕೊಳ್ಳಿ. ಏನು ಮಾಡಿದರೂ ನಿಲ್ಲದೆ ಏರುತ್ತಲೇ ಹೋದರೆ ಅದು ಹೆರಿಗೆಯ ದಾರಿ ಹಿಡಿದಿದೆ.

ಧಾರವಾಡದಾಕಿ
ಮಂಗಳವಾರ, ಬೆಳಿಗ್ಗೆ 11:05

ಸಿಸ್ಟರ್ ಹೇಳಿದ್ದು ಖರೇ, ಆದ್ರ ಒಂದು ಮಾತು ಸೇರಸ್ತೀನಿ. ನನಗ ಹೊಟ್ಟಿ ಮುಂದ ಏನೂ ಆಗಲೇ ಇಲ್ಲ. ಬರೇ ಟೊಂಕ. ಬರ್ತಿತ್ತು, ಹೋಗ್ತಿತ್ತು. ನಮ್ಮ ಅತ್ತಿಯವರು "ದಿನಾ ತುಂಬ್ಯಾವ, ಟೊಂಕ ನೋಯ್ತಾವ, ಮಲ್ಕೋ" ಅಂದ್ರು. ಮುಂಜಾನೆಯಿಂದ ಮಧ್ಯಾಹ್ನ ಎರಡರ ತನಕ ರೊಟ್ಟಿ ಬಡಿಯೋ ಹಲಗಿ ಮುಂದ ಕುಂತು ಬ್ಯಾನಿ ತಿಂದೆ, ಬ್ಯಾನಿ ಅಂತ ಗೊತ್ತಿಲ್ಲದಂಗ. ಬ್ಯಾನಿ ಬಂದಾಗ ರೊಟ್ಟಿ ಬಡಿಯೋ ಕೈ ತಾನಾಗೇ ನಿಲ್ತಿತ್ತು. ಅದನ್ನ ನೋಡಿ ನಮ್ಮ ನೆಗೆಣ್ಣಿ ಗುರ್ತು ಹಿಡದ್ಲು. "ವೈನಿ, ನೀವು ಒಂದು ರೊಟ್ಟಿಗೆ ಒಂದು ಸಲ ನಿಲ್ಲಾಕತ್ತೀರಿ" ಅಂದ್ಲು. ದವಾಖಾನಿಗೆ ಹೋದ್ರ ಗರ್ಭಕೋಶದ ಬಾಯಿ ಆರು ಸೆಂಟಿಮೀಟರ್ ತೆರದಿತ್ತು. ಕೂಸು ಬೆನ್ನು ಹಿಂದ ಮಾಡಿ ಕುಂತಿದ್ದಕ್ಕ ಬ್ಯಾನಿ ಎಲ್ಲಾ ಟೊಂಕಕ್ಕ ಬಂತು ಅಂದ್ರು ಡಾಕ್ಟರ್.

ಅದಕ್ಕ ಎಲ್ಲಿ ನೋಯ್ತದ ಅನ್ನೂದು ಬಿಡ್ರಿ. ಬಂದು ಹೋಗ್ತದೇನು, ಬಂದಾಗ ಮಾಡೋ ಕೆಲಸ ನಿಲ್ತದೇನು, ಅದನ್ನ ನೋಡ್ರಿ.

ಹೆರಿಗೆ ವಾರ್ಡಿನ ಸಿಸ್ಟರ್
ಮಂಗಳವಾರ, ಸಂಜೆ 5:20

ಎದ್ದ ಕೂಡಲೇ ಇದನ್ನು ಓದಿದೆ. ರೊಟ್ಟಿಯ ಮಾತು ನಮ್ಮ ಟ್ರೇನಿಗಳಿಗೆ ಹೇಳ್ತೀನಿ. ನಾವೂ ಅದನ್ನೇ ನೋಡುವುದು. ನೋವು ಬಂದಾಗ ಮಾತಾಡುತ್ತಾ ಮೊಬೈಲ್ ನೋಡುತ್ತಾ ಇದ್ದರೆ ಇನ್ನೂ ಹೊತ್ತಿದೆ. ಮಾತು ಅರ್ಧಕ್ಕೆ ನಿಂತು, ಕಣ್ಣು ಮುಚ್ಚಿ ಉಸಿರು ಹಿಡಿದು, ಬಿಟ್ಟ ಮೇಲೆ ಮಾತು ಮುಂದುವರಿಸಿದರೆ ಹೆಸರು ಬರೆದುಕೊಳ್ಳುತ್ತೇವೆ.

ಕಡಲ ಕಡೆಯವಳು
ಮಂಗಳವಾರ, ಸಂಜೆ 6:10

ನನ್ನದು ಬೇರೆ ಕಥೆ. ನೋವೇ ಇರಲಿಲ್ಲ. ಬಟ್ಟೆ ಸ್ವಲ್ಪ ಸ್ವಲ್ಪ ಒದ್ದೆ ಆಗ್ತಾ ಉಂಟು. ತುಂಬಿದ ಹೊಟ್ಟೆಯಲ್ಲಿ ಕೆಮ್ಮಿದರೆ, ಸೀನಿದರೆ ಮೂತ್ರ ಜಾರ್ತದಲ್ಲ, ಅದೇ ಅಂತ ಒಂದೂವರೆ ದಿನ ಸುಮ್ಮನೆ ಇದ್ದೆ. ಹೇಳ್ಲಿಕ್ಕೂ ನಾಚಿಕೆ. ಆಮೇಲೆ ಜ್ವರ ಬಂತು. ಆಸ್ಪತ್ರೆಗೆ ಹೋದ್ರೆ ಮಗುವಿನ ಸುತ್ತ ಇರುವ ನೀರು ಹೋಗಿ ಆಗ್ಲೇ ತುಂಬ ಹೊತ್ತಾಗಿದೆ, ಒಳಗೆ ಸೋಂಕು ಆಗಿದೆ ಅಂದ್ರು. ಮಗುವನ್ನು ಐದು ದಿನ ಬೇರೆ ವಾರ್ಡಲ್ಲಿ ಇಟ್ರು. ಈಗ ಅವನು ಎರಡನೇ ಕ್ಲಾಸ್, ಚೆನ್ನಾಗಿದ್ದಾನೆ. ಆ ಐದು ದಿನ ಮಾತ್ರ ಇವತ್ತಿಗೂ ಮರೀಲಿಕ್ಕೆ ಆಗ್ಲಿಲ್ಲ.

ಸಿಸ್ಟರ್, ಮೂತ್ರವೋ ನೀರೋ ಅಂತ ಗೊತ್ತಾಗೋದು ಹೇಗೆ, ಬರೀರಿ. ಕೇಳ್ಲಿಕ್ಕೆ ನಾಚುವವರು ಓದ್ಲಿ.

ಹೆರಿಗೆ ವಾರ್ಡಿನ ಸಿಸ್ಟರ್
ಮಂಗಳವಾರ, ಸಂಜೆ 6:45

ಮೂತ್ರ ಮಾಡಿ ಬಂದು, ಒಣಗಿದ ಬಿಳಿ ಪ್ಯಾಡ್ ಇಟ್ಟುಕೊಂಡು ಅರ್ಧ ಗಂಟೆ ಮಲಗಿ, ಎದ್ದು ನಿಲ್ಲಿ. ನೀರು ಹೋಗುತ್ತಿದ್ದರೆ ನಿಂತ ಕೂಡಲೇ ಮತ್ತೆ ಸುರಿಯುತ್ತದೆ. ಮೂತ್ರದ ವಾಸನೆ ಇರುವುದಿಲ್ಲ, ಬಣ್ಣ ನೀರಿನ ಹಾಗೆ ಅಥವಾ ತಿಳಿ ಗುಲಾಬಿ. ಅನುಮಾನ ಉಳಿದರೆ ಆ ಪ್ಯಾಡನ್ನೇ ತೆಗೆದುಕೊಂಡು ಬನ್ನಿ, ನಮಗೆ ಅಸಹ್ಯವಿಲ್ಲ. ನೀರು ಹೋಯ್ತು ಅಂದರೆ ನೋವಿಗಾಗಿ ಕಾಯುವುದೇ ಇಲ್ಲ, ಹೊರಟುಬಿಡಬೇಕು. ಹಸಿರು ಅಥವಾ ಕಂದು ಬಣ್ಣ ಇದ್ದರೆ ಮಗು ಹೊಟ್ಟೆಯಲ್ಲೇ ಕಕ್ಕ ಮಾಡಿದೆ ಅಂತ ಅರ್ಥ, ಇನ್ನೂ ಬೇಗ.

ಲೋಳೆಯಂಥದ್ದಕ್ಕೆ ಸ್ವಲ್ಪ ರಕ್ತ ಹತ್ತಿಕೊಂಡು ಹೋದರೆ ಅದು ಗರ್ಭಕೋಶದ ಬಾಯಿಯಲ್ಲಿದ್ದ ಬಿರಡೆ. ಅದಾದ ಮೇಲೆ ಅವತ್ತೇ ನೋವು ಬರಬಹುದು, ಎಷ್ಟೋ ಜನಕ್ಕೆ ವಾರವೂ ಹಿಡಿಯುತ್ತದೆ. ಮುಟ್ಟಿನ ಹಾಗೆ ಕೆಂಪು ರಕ್ತ ಹರಿದರೆ ಮಾತ್ರ ಓಡಿ ಬನ್ನಿ.

ಮೈಸೂರು ಮನೆ
ಮಂಗಳವಾರ, ರಾತ್ರಿ 8:30

ನನ್ನ ಅಭಿಪ್ರಾಯ ಬೇರೆ. ಬೇಗ ಆಸ್ಪತ್ರೆಗೆ ಹೋಗಲೇಬಾರದು. ನನ್ನ ತಂಗಿ ಹತ್ತು ನಿಮಿಷಕ್ಕೊಂದು ನೋವಿದ್ದಾಗಲೇ ಒಂದು ಖಾಸಗಿ ಆಸ್ಪತ್ರೆಗೆ ಹೋದಳು. ಒಂದೇ ಸೆಂಟಿಮೀಟರ್. ಅಡ್ಮಿಟ್ ಮಾಡಿಕೊಂಡು ಡ್ರಿಪ್ ಹಾಕಿದರು. ಸಂಜೆ ಆದರೂ ಮುಂದುವರಿಯಲಿಲ್ಲ ಅಂತ ಸಿಸೇರಿಯನ್. ಮನೆಯಲ್ಲೇ ಇದ್ದಿದ್ದರೆ ನಾರ್ಮಲ್ ಆಗ್ತಿತ್ತು. ನೋವು ನಿಲ್ಲದಿದ್ದರೆ ಒಂದು ಚಮಚ ಹರಳೆಣ್ಣೆ ಕೊಡಿ, ನಮ್ಮ ಕಡೆ ಹಿರಿಯರು ಹಾಗೇ ಮಾಡೋದು. ನಿಜವಾದದ್ದಾದರೆ ಬೇಗ ಆಗುತ್ತೆ.

ಹೆರಿಗೆ ವಾರ್ಡಿನ ಸಿಸ್ಟರ್
ಮಂಗಳವಾರ, ರಾತ್ರಿ 9:10

ಹರಳೆಣ್ಣೆ ಬೇಡ. ದಯವಿಟ್ಟು ಬೇಡ. ಭೇದಿಯಾಗಿ, ವಾಂತಿಯಾಗಿ, ತುಟಿ ಒಣಗಿ, ನಿಲ್ಲಲಾಗದೆ ಬರುವ ಹುಡುಗಿಯರನ್ನು ನಾನು ಸಾಕಷ್ಟು ನೋಡಿದ್ದೇನೆ. ಹೆರಿಗೆಗೆ ಬೇಕಾದ ಶಕ್ತಿಯೆಲ್ಲ ಅಲ್ಲೇ ಹೋಗಿರುತ್ತದೆ. ಮನೆಯಲ್ಲಿ ನೋವು ಬರಿಸುವ ಯಾವ ಮದ್ದೂ ಬೇಡ.

ನಿಮ್ಮ ತಂಗಿಯ ವಿಷಯದಲ್ಲಿ ನಿಮ್ಮ ಸಂಕಟ ಅರ್ಥವಾಗುತ್ತದೆ. ಅದರಲ್ಲಿ ನಿಜವೂ ಇದೆ. ಚೊಚ್ಚಲ ಹೆರಿಗೆಯಲ್ಲಿ ಮೊದಲ ನಾಲ್ಕೈದು ಸೆಂಟಿಮೀಟರಿಗೆ ಎಷ್ಟು ಹೊತ್ತು ಬೇಕು ಅನ್ನುವುದಕ್ಕೆ ಲೆಕ್ಕವಿಲ್ಲ. ಒಂದು ದಿನ ದಾಟಿದರೂ ಆಶ್ಚರ್ಯವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಚುರುಕಿನ ಹೆರಿಗೆ ಶುರುವಾಗುವುದು 5 ಸೆಂಟಿಮೀಟರಿನಿಂದ ಅಂತ ಹೇಳಿದೆ. ಗಂಟೆಗೆ ಒಂದು ಸೆಂಟಿಮೀಟರ್ ತೆರೆಯಲೇಬೇಕು ಅನ್ನುವ ಹಳೆಯ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ ಅಂತಲೂ ಹೇಳಿದೆ. ಆದ್ದರಿಂದ ತಾಯಿ ಮಗು ಚೆನ್ನಾಗಿದ್ದರೆ, ಮನೆ ಹತ್ತಿರವಿದ್ದರೆ, ಆ ಹೊತ್ತನ್ನು ಮನೆಯಲ್ಲಿ ಕಳೆಯುವುದೇ ಒಳ್ಳೆಯದು. ಐದು ನಿಮಿಷಕ್ಕೊಂದು, ಒಂದೊಂದೂ ಒಂದು ನಿಮಿಷ, ಹೀಗೆ ಒಂದು ಗಂಟೆ ನಡೆದರೆ ಬನ್ನಿ ಅನ್ನುವ ಲೆಕ್ಕ ಪೇಟೆಯಲ್ಲಿರುವ ಚೊಚ್ಚಲ ಬಸುರಿಗೆ.

ಈ ಹುಡುಗಿಯ ಮನೆ ಎರಡು ಗಂಟೆ ದೂರ. ಇವಳಿಗೆ ಆ ಲೆಕ್ಕ ಹೊಂದುವುದಿಲ್ಲ. ಅದೇ ರೀತಿ ಎರಡನೆಯ ಹೆರಿಗೆಯವರಿಗೂ ಹೊಂದುವುದಿಲ್ಲ, ಅವರಿಗೆ ನೋವು ಹಿಡಿಯಿತು ಅಂದರೆ ಬೇಗ ಆಗಿಬಿಡುತ್ತದೆ. ಹಿಂದೆ ಸಿಸೇರಿಯನ್ ಆದವರು, ಬಿಪಿ ಇರುವವರು, ಅವಳಿ ಇರುವವರು, ಮಗು ತಲೆಕೆಳಗಾಗದವರು ನೋವು ಶುರುವಾದ ಕೂಡಲೇ ಬರಬೇಕು, ಮನೆಯಲ್ಲಿ ಎಣಿಸುತ್ತಾ ಕೂರಬಾರದು.

ಮೈಸೂರು ಮನೆ
ಮಂಗಳವಾರ, ರಾತ್ರಿ 9:40

ಎಣ್ಣೆಯ ಮಾತು ವಾಪಸ್ ತಗೊಂಡೆ ಸಿಸ್ಟರ್. ದೂರದ ವಿಷಯ ನಾನು ಯೋಚಿಸಿರಲಿಲ್ಲ.

ಹೊಸನಗರದ ಆಶಾ
ಬುಧವಾರ, ಬೆಳಿಗ್ಗೆ 7:50

ತೀರ್ಥಹಳ್ಳಿ ತಂಗಿ, ನಾನು ಪಕ್ಕದ ತಾಲ್ಲೂಕಿನ ಆಶಾ ಕಾರ್ಯಕರ್ತೆ. ನಿಮ್ಮ ಕಡೆಯ ಮಳೆ, ರಸ್ತೆ, ಸಿಗ್ನಲ್ ಎಲ್ಲ ನಮ್ಮದರ ಹಾಗೇ. ನಾವು ಬಸುರಿಯರ ಮನೆಗೆ ಹೋದಾಗ ಹೇಳುವುದನ್ನೇ ಹೇಳ್ತೀನಿ.

ಶಿವಮೊಗ್ಗದಲ್ಲಿ ನೆಂಟರಿದ್ದರೆ 38 ವಾರ ತುಂಬಿದ ಮೇಲೆ ಅಲ್ಲಿಗೆ ಹೋಗಿ ಇರಿ. ಇಲ್ಲದಿದ್ದರೆ ಜೀಪು ಯಾರದ್ದು, ಡ್ರೈವರ್ ರಾತ್ರಿ ಫೋನ್ ಎತ್ತುತ್ತಾನಾ, ಮರ ಬಿದ್ದರೆ ಬೇರೆ ದಾರಿ ಯಾವುದು ಅಂತ ಇವತ್ತೇ ಮಾತಾಡಿಟ್ಟುಕೊಳ್ಳಿ. 108ಕ್ಕೆ ಫೋನ್ ಮಾಡಿದರೆ ದುಡ್ಡು ಕೊಡಬೇಕಿಲ್ಲ, ಒಳಗೆ ಹೆರಿಗೆ ಮಾಡಿಸಲು ಬರುವವರು ಇರ್ತಾರೆ. ಆದರೆ ಒಳದಾರಿಗೆ ಬರೋಕೆ ಹೊತ್ತು ಹಿಡಿಯುತ್ತೆ. ನಾವು ಬಸುರಿಯನ್ನು ಜೀಪಿನಲ್ಲಿ ಡಾಂಬರು ರಸ್ತೆವರೆಗೆ ಕರೆದುಕೊಂಡು ಬಂದು ಅಲ್ಲಿ ಆಂಬುಲೆನ್ಸಿಗೆ ಹತ್ತಿಸ್ತೀವಿ. ಮನೆಯಲ್ಲಿ ಸಿಗ್ನಲ್ ಎಲ್ಲಿ ಸಿಗುತ್ತೆ ಅಂತ ಎಲ್ಲರಿಗೂ ಗೊತ್ತಿರಲಿ. ನಮ್ಮ ಒಂದು ಮನೆಯಲ್ಲಿ ಕೊಟ್ಟಿಗೆ ಹಿಂದಿನ ದಿಬ್ಬದ ಮೇಲೆ ಮಾತ್ರ ಸಿಗೋದು.

ಇನ್ನೊಂದು. ನೇರ ಶಿವಮೊಗ್ಗಕ್ಕೆ ಹೋಗಬೇಡಿ. ದಾರಿಯಲ್ಲೇ ಸಿಗುವ ತೀರ್ಥಹಳ್ಳಿ ತಾಲ್ಲೂಕು ಆಸ್ಪತ್ರೆಯಲ್ಲಿ ಇಳಿದು, ಬಾಯಿ ಎಷ್ಟು ತೆರೆದಿದೆ ಅಂತ ನೋಡಿಸಿ. ಅಲ್ಲಿಂದ ಮುಂದೆ 60 ಕಿಲೋಮೀಟರ್ ಹೋಗಬಹುದಾ, ಅಲ್ಲೇ ಉಳೀಬೇಕಾ ಅಂತ ಅವರು ಹೇಳ್ತಾರೆ. ಮಂಡಗದ್ದೆ ಹತ್ತಿರ ಕಾಡಿನ ನಡುವೆ ಹೆರಿಗೆಯಾದರೆ ಅನ್ನೋ ಭಯ ಆಗ ಇರಲ್ಲ. ತಾಯಿ ಕಾರ್ಡ್ ಬ್ಯಾಗಿನ ಮೇಲೇ ಇರಲಿ.

ಲೀಡ್ಸಿನ ಅಪ್ಪ
ಬುಧವಾರ, ಮಧ್ಯಾಹ್ನ 3:15

ನಾವಿರೋದು ಇಂಗ್ಲೆಂಡಿನಲ್ಲಿ, ಇಲ್ಲಿ ನಮ್ಮ ಹೆಂಡತಿಗೆ ಅಮ್ಮ ಇರಲಿಲ್ಲ, ಅಜ್ಜಿ ಇರಲಿಲ್ಲ, ನಾವಿಬ್ಬರೇ. ಆಸ್ಪತ್ರೆಗೆ ಹೊರಡುವ ಮುಂಚೆ ಫೋನ್ ಮಾಡಬೇಕು. ಮಿಡ್‌ವೈಫ್ ನನ್ನ ಹತ್ತಿರ ಮಾತಾಡಲೇ ಇಲ್ಲ, ಫೋನ್ ಅವಳಿಗೆ ಕೊಡಿ ಅಂದರು. ಅದೂ ಇದೂ ಮಾತಾಡಿಸುತ್ತಾ ಒಂದು ನೋವು ಬಂದು ಹೋಗುವುದನ್ನು ಫೋನಿನಲ್ಲೇ ಕೇಳಿಸಿಕೊಂಡರು. ಧಾರವಾಡದವರ ರೊಟ್ಟಿಯ ಹಾಗೇ.

ಎರಡು ಸಲ ಹೋಗಿ ವಾಪಸ್ ಬಂದೆವು. ಎರಡನೆಯ ಸಲ ಕಾರಿನಲ್ಲಿ ಅವಳು ಅತ್ತಳು, "ನನಗೆ ನನ್ನ ಮೈಯೇ ಗೊತ್ತಾಗ್ತಿಲ್ಲ" ಅಂತ. ಮೂರನೆಯ ಸಲ ಹೋದಾಗ ಏಳು ಸೆಂಟಿಮೀಟರ್. ವಾಪಸ್ ಕಳಿಸಿದರು ಅಂದರೆ ನೀವು ತಪ್ಪು ಮಾಡಿದಿರಿ ಅಂತ ಅಲ್ಲ. ಆ ಎರಡು ಸಲವೂ ಮಗುವಿನ ಎದೆಬಡಿತ ಕೇಳಿ ಬಂದೆವು, ರಾತ್ರಿ ಸ್ವಲ್ಪ ನಿದ್ದೆ ಬಂತು.

ತುಂಗೆ ತೀರದವಳು
ಬುಧವಾರ, ಸಂಜೆ 4:00

ಎಲ್ಲರ ಮಾತನ್ನೂ ಅಮ್ಮನಿಗೆ ಓದಿ ಹೇಳಿದೆ. ಮೂಗು, ಗದ್ದ, ಹಣೆ ಮುಟ್ಟಿ ಮುಟ್ಟಿ ನೋಡಿಕೊಳ್ತಿದ್ದಾರೆ. ಶಿವಮೊಗ್ಗದಲ್ಲಿ ದೊಡ್ಡಮ್ಮನ ಮನೆ ಇದೆ, ಭಾನುವಾರ ಹೋಗೋದು ಅಂತ ಆಗಿದೆ. ಸಿಸ್ಟರ್, ಅಲ್ಲಿಯವರೆಗೆ ನೋವು ಬಂದರೆ ನಾನು ಎಷ್ಟು ನಿಮಿಷದ ಅಂತರದಲ್ಲಿ ಹೊರಡಲಿ?

ಹೆರಿಗೆ ವಾರ್ಡಿನ ಸಿಸ್ಟರ್
ಬುಧವಾರ, ರಾತ್ರಿ 7:30

ಹತ್ತು ನಿಮಿಷದ ಆಸುಪಾಸಿನಲ್ಲಿ ತಪ್ಪದೆ ಬರ್ತಾ ಇದೆ, ಒಂದು ಗಂಟೆಯಾದರೂ ಇಳಿದಿಲ್ಲ ಅಂದರೆ ಹೊರಡಿ. ಐದಕ್ಕೆ ಬರಲಿ ಅಂತ ಕಾಯಬೇಡಿ. ಹೋಗಿ ವಾಪಸ್ ಬಂದರೂ ಪರವಾಗಿಲ್ಲ. ಮಗುವಿನ ಆಟ ಕಡಿಮೆ ಅನ್ನಿಸಿದರೆ, ತಲೆ ಸಿಡಿದು ಕಣ್ಣು ಮಂಜಾದರೆ, ಜ್ವರ ಬಂದರೆ ನೋವಿನ ಲೆಕ್ಕವೇ ಬೇಡ, ಆಗಲೇ ಹೊರಡಿ.

ತುಂಗೆ ತೀರದವಳು
ಸೋಮವಾರ, ಬೆಳಿಗ್ಗೆ 10:20

ವಾರ್ಡಿನಿಂದ ಬರೀತಿದ್ದೀನಿ. ಭಾನುವಾರದವರೆಗೆ ಕಾಯಲಿಲ್ಲ. ಶುಕ್ರವಾರ ರಾತ್ರಿ, ಶನಿವಾರಕ್ಕೆ ಬಿದ್ದ ಮೇಲೆ. ಅದೇ ಕ್ಯಾಲೆಂಡರ್ ಹಿಂದೆ, ಹಳೇ ಸಾಲಿನ ಕೆಳಗೆ ಅಪ್ಪ ಬರೆದದ್ದು: 2:05, 2:14, 2:22, 2:31, 2:38, 2:45, 2:51. ಕಷಾಯ ಕುಡಿದೆ, ನಿಲ್ಲಲಿಲ್ಲ. ಬಚ್ಚಲ ಹಂಡೆಯ ಬಿಸಿನೀರು ಹದ ಮಾಡಿ ಸೊಂಟಕ್ಕೆ ಹೊಯ್ದರು, ನಿಲ್ಲಲಿಲ್ಲ. ಅಮ್ಮ ಹೊಟ್ಟೆ ಒತ್ತಿ ನೋಡಿ "ಹಣೆ" ಅಂದರು, ಅಷ್ಟೇ. ಮೂರೂಕಾಲಿಗೆ ಮಾವನ ಜೀಪಿನಲ್ಲಿ ಹೊರಟೆವು. ತೀರ್ಥಹಳ್ಳಿಯಲ್ಲಿ ನೋಡಿದರು, ಮೂರು ಸೆಂಟಿಮೀಟರ್, ಮಗು ಚೆನ್ನಾಗಿದೆ, ಚೊಚ್ಚಲು, ಹೋಗಬಹುದು ಅಂದರು. ಆಂಬುಲೆನ್ಸಿನಲ್ಲೇ ಕಳಿಸಿದರು. ಶಿವಮೊಗ್ಗ ಮುಟ್ಟುವಾಗ ಬೆಳಕು ಹರಿದಿತ್ತು, ಬಾಯಿ ಐದು ತೆರೆದಿತ್ತು. ಮಧ್ಯಾಹ್ನ 1:20ಕ್ಕೆ ಹೆಣ್ಣು ಮಗು, 2 ಕಿಲೋ 900 ಗ್ರಾಂ, ನಾರ್ಮಲ್.

ಮೊದಲ ರಾತ್ರಿಯದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂತ ಕೇಳುವವರಿಗೆ ನಾನು ಹೇಳೋದು: ಅವತ್ತು ನೋವು ಬಂದಾಗ ಇದು ಅದೇನಾ ಅಂತ ಯೋಚಿಸ್ತಿದ್ದೆ. ಶನಿವಾರ ನೋವು ಬಂದಾಗ ಏನನ್ನೂ ಯೋಚಿಸಲಾಗಲಿಲ್ಲ.

ಹಾಸನದ ಅಮ್ಮ
ಸೋಮವಾರ, ಬೆಳಿಗ್ಗೆ 10:35

ತುಂಬಾ ಸಂತೋಷ ಆಯ್ತಮ್ಮ. ತಲೆಗೆ ಬಟ್ಟೆ ಕಟ್ಟಿಕೋ, ಬಿಸಿ ಬಿಸಿ ಊಟ ಮಾಡು, ಮಗು ಮಲಗಿದಾಗ ನೀನೂ ಮಲಗು.

ಗೌರಿಬಿದನೂರಿನವಳು
ಸೋಮವಾರ, ಮಧ್ಯಾಹ್ನ 2:05

ಇದನ್ನೆಲ್ಲ ಓದಿ ಧೈರ್ಯ ಬಂತು. ನನಗೂ ಬೆಳಿಗ್ಗೆಯಿಂದ ಹೊಟ್ಟೆ ಗಟ್ಟಿಯಾಗ್ತಿದೆ, ಗಂಟೆಗೆ ಐದಾರು ಸಲ. ಜಾಸ್ತಿ ನೋವಿಲ್ಲ, ಸೊಂಟ ಭಾರ ಅನ್ಸುತ್ತೆ. ಉರಿಮೂತ್ರ ಬೇರೆ ಮೂರು ದಿನದಿಂದ. ನೀರು ಕುಡಿದು ಮಲಗಿದ್ದೀನಿ. ಹತ್ತು ನಿಮಿಷಕ್ಕೊಂದು ಬರೋವರೆಗೂ ಕಾಯ್ತೀನಿ. ಈಗ 32 ವಾರ.

ಹೆರಿಗೆ ವಾರ್ಡಿನ ಸಿಸ್ಟರ್
ಸೋಮವಾರ, ಮಧ್ಯಾಹ್ನ 2:11

ಕಾಯಬೇಡಿ. ಮೇಲೆ ಬರೆದ ಯಾವ ಲೆಕ್ಕವೂ ನಿಮಗಲ್ಲ. ಅದೆಲ್ಲ 37 ವಾರ ತುಂಬಿದವರಿಗೆ. ನಿಮಗೆ ಇನ್ನೂ ಐದು ವಾರ ಇದೆ. ಈ ವಾರದಲ್ಲಿ ನೋವು ಜೋರಾಗಿರಬೇಕಿಲ್ಲ, ಬಿಗಿತ ಮತ್ತು ಸೊಂಟದ ಭಾರ ಇಷ್ಟರಲ್ಲೇ ಬಾಯಿ ತೆರೆದುಕೊಳ್ಳಬಹುದು. ಉರಿಮೂತ್ರದ ಸೋಂಕಿನಿಂದಲೂ ಹೀಗೆ ಶುರುವಾಗುತ್ತದೆ. ಈಗಲೇ ಹೋದರೆ ಸೋಂಕಿಗೆ ಔಷಧಿ ಕೊಡುತ್ತಾರೆ, ಬೇಕಾದರೆ ಮಗುವಿನ ಶ್ವಾಸಕೋಶ ಬಲಿಯಲು ಇಂಜೆಕ್ಷನ್ ಕೊಡುತ್ತಾರೆ. ಆ ಇಂಜೆಕ್ಷನ್ ಕೆಲಸ ಮಾಡಲು ಹೊತ್ತು ಬೇಕು, ಅದಕ್ಕೇ ಅವಸರ. ಮನೆಯಲ್ಲಿ ಯಾರಿದ್ದಾರೆ?

ಗೌರಿಬಿದನೂರಿನವಳು
ಸೋಮವಾರ, ಮಧ್ಯಾಹ್ನ 2:14

ಅತ್ತೆ ಇದ್ದಾರೆ. ಯಜಮಾನರು ಫ್ಯಾಕ್ಟರಿಗೆ ಹೋಗಿದ್ದಾರೆ, ಸಂಜೆ ಬರ್ತಾರೆ.

ಹೆರಿಗೆ ವಾರ್ಡಿನ ಸಿಸ್ಟರ್
ಸೋಮವಾರ, ಮಧ್ಯಾಹ್ನ 2:15

ಸಂಜೆಯವರೆಗೆ ಬೇಡ. ಅತ್ತೆಯವರಿಗೆ ಇದನ್ನು ಓದಿ ಹೇಳಿ. ಆಟೋ ಸಿಕ್ಕರೆ ಆಟೋ, ಇಲ್ಲದಿದ್ದರೆ 108. ತಾಯಿ ಕಾರ್ಡ್, ಸ್ಕ್ಯಾನಿಂಗ್ ರಿಪೋರ್ಟ್ ತೆಗೆದುಕೊಳ್ಳಿ. ಒಳಗೆ ಹೋದ ಕೂಡಲೇ "32 ವಾರ, ಗಂಟೆಗೆ ಐದಾರು ಸಲ ಹೊಟ್ಟೆ ಬಿಗೀತಿದೆ, ಉರಿಮೂತ್ರ ಇದೆ" ಅಂತ ಇದೇ ಮಾತಿನಲ್ಲಿ ಹೇಳಿ. ಸಾಲಿನಲ್ಲಿ ಕೂತು ಕಾಯಬೇಡಿ.

ಗೌರಿಬಿದನೂರಿನವಳು
ಸೋಮವಾರ, ಮಧ್ಯಾಹ್ನ 2:31

ಆಟೋ ಬಂತು. ಅತ್ತೆ ಜೊತೆಗಿದ್ದಾರೆ, ಹೊರಟ್ವಿ.